ಎಂಬತ್ತು ಪರ್ಸೆಂಟಿನ ಸವತಿ

ಏನ್ರೀ,

ಹೀಗೆ ಕೂಗಿದರೆ ಸ್ವೀಡನ್ನಿನ ಈ ಶೋವ್ಡೆ ಊರಿನಲ್ಲಿ ತಿರುಗಿ ನೋಡುತ್ತಿದ್ದ ಗಂಡಸು ನೀವೊಬ್ಬರೇ. ಅಂಗಡಿಯಲ್ಲಿ, ಸ್ಟೇಷನ್ನಿನಲ್ಲಿ, ಎಲ್ಲಿ ತಪ್ಪಿಸಿಕೊಂಡರೂ ಒಂದು ‘ರೀ’ ಸಾಕಿತ್ತು. ಮೊನ್ನೆ ಮೊಟ್ಟೆಗಳ ಮುಂದೆ ನಿಂತು ಅಭ್ಯಾಸಬಲದಿಂದ ‘ರೀ, ದೊಡ್ಡದಾ ಚಿಕ್ಕದಾ?’ ಎಂದುಬಿಟ್ಟೆ. ಯಾರೂ ತಿರುಗಲಿಲ್ಲ. ದೊಡ್ಡದನ್ನೇ ತಂದೆ. ಈಗ ಫ್ರಿಜ್ಜಿನಲ್ಲಿ ಅವು... ಇರಲಿ ಬಿಡಿ. ಕಾಗದ ಬರೆಯುತ್ತಿರುವುದು ಮೊಟ್ಟೆಯ ವಿಷಯಕ್ಕಲ್ಲ, ಜಗಳಕ್ಕೆ. ನನ್ನಿಂದ ಇಷ್ಟು ವರ್ಷ ಮುಚ್ಚಿಟ್ಟ ಒಂದು ಸಂಗತಿಯನ್ನು ನೀವು ಅವಳಿಗೆ ಹೇಳಿದ್ದಿರಿ. ಯಾಕೆ? ಅವಳಿಗೆ ಹೇಳಿದ್ದು ನನಗೆ ಯಾಕೆ ಹೇಳಲಿಲ್ಲ?

ಆ ಪ್ಲಾಸ್ಟಿಕ್ಕು ಮನೆಗೆ ಬಂದ ದಿನ ನೆನಪಿದೆಯೇ? ಆಗ ನಾವು ಮಿಷಿಗನ್‌ನಲ್ಲಿದ್ದೆವು. ‘ಬಾಲದಲ್ಲೇ ಗನ್ ಕಟ್ಟಿಕೊಂಡಿರೋ ರಾಜ್ಯ’ ಎಂದು ನಾನು ಹೇಳಿದಾಗ ನಿಮಗೆ ಕಾಫಿ ಮೂಗಿಗೆ ಹತ್ತಿತ್ತು. ಮಗಳು ಪೂವಿಗೆ ಆಗಿನ್ನೂ ಮೊದಲ ಹುಟ್ಟುಹಬ್ಬ. ಕೊಡಗಿನ ನಿಮ್ಮ ಕಡೆ ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಹುಟ್ಟಿನ ಗುಂಡು ಗಂಡುಮಗುವಿಗೆ ಎಂಬುದು ಹಳಬರ ರೂಢಿ. ‘ನನ್ನ ಮಗಳಿಗೂ ಹಾರಬೇಕು’ ಎಂಬುದು ನಿಮ್ಮ ಹಟ. ಆದರೆ ಅಮೆರಿಕದ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಹಾರಿಸುವುದು ಹೇಗೆ? ಆ ಕೊರಗಿಗೆ ಮದ್ದು ಎಂದು ಒಂದು ಡಬ್ಬ ತರಿಸಿದಿರಿ. ಒಳಗೆ ಪಿಸ್ತೂಲಿನ ಪ್ಲಾಸ್ಟಿಕ್ ಒಡಲು ಮಾತ್ರ. ನಳಿಗೆ ಇಲ್ಲ, ಒಳಗಿನ ಕಬ್ಬಿಣ ಇಲ್ಲ. ಮಾಡಿದವರು ಬೇಕೆಂದೇ ಅರ್ಧಂಬರ್ಧ ಬಿಟ್ಟಿರುತ್ತಾರೆ, ಉಳಿದದ್ದನ್ನು ಕೊಂಡವನೇ ಮನೆಯಲ್ಲಿ ಕೊರೆದು ಮುಗಿಸಿಕೊಳ್ಳಬೇಕು. ಅಲ್ಲಿ ಆಗ ಅದಕ್ಕೆ ಅಡ್ಡಿ ಇರಲಿಲ್ಲ ಎಂದು ನೀವೇ ಹೇಳಿದಿರಿ. ‘ಎಂಬತ್ತು ಪರ್ಸೆಂಟ್ ಆಗಿದೆ ಕಣೇ. ಇನ್ನು ಇಪ್ಪತ್ತು ನಂದು.’ ‘ಎಂಬತ್ತು ಬಂದಿದ್ರೆ ನಮ್ಮ ಕಾಲೇಜಲ್ಲಿ ಡಿಸ್ಟಿಂಕ್ಷನ್ ಕೊಟ್ಟು ಕಳಿಸ್ತಿದ್ವಿ’ ಎಂದೆ. ಮೈಸೂರಿನಲ್ಲಿ ಪಾಠ ಹೇಳಿ ಹರಿತವಾದ ನಾಲಿಗೆ, ಏನು ಮಾಡಲಿ?

ಆಮೇಲೊಂದು ಭಾನುವಾರ ನೀವು ಗ್ಯಾರೇಜಿನ ಬಾಗಿಲು ಹಾಕಿಕೊಂಡಿರಿ. ಒಳಗೆ ಡ್ರಿಲ್ಲು ಗುಂಯ್ ಎಂದಿತು, ನಿಂತಿತು, ಮತ್ತೆ ಸದ್ದಿಲ್ಲ. ಹೊರಗೆ ಬಂದಾಗ ಮುಖ ಉಪ್ಪಿಲ್ಲದ ಸಾರಿನ ಹಾಗಿತ್ತು. ‘ಏನಾಯ್ತು?’ ಎಂದರೆ ‘ಟೈಮ್ ಸಿಕ್ದಾಗ ಮುಗಿಸ್ತೀನಿ’ ಎಂದಿರಿ. ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿರಿ. ಶೋವ್ಡೆಯ ಇಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಪಾತ್ರೆಪಗಡದ ಜೊತೆ ಅದೂ ಬಂತು. ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಮೇಲಿನ ಅರೆ ಅದಕ್ಕೆ ಮೀಸಲು. ಕೆಳಗೆ ನಾನು, ಮೇಲೆ ಅದು!

ಪ್ರತಿ ಕೈಲ್ ಮುಹೂರ್ತದ ಬೆಳಿಗ್ಗೆಯೂ ಅದರ ಮೆರವಣಿಗೆ. ಊರಿನಲ್ಲಿ ಆ ಹಬ್ಬಕ್ಕೆ ಕೋವಿಗಳನ್ನು ಸಾಲಾಗಿ ಇಟ್ಟು ತೋಕ್‌ಪೂ, ಅಂದರೆ ಕೋವಿಹೂ, ಮುಡಿಸುತ್ತಾರಂತೆ. ಇಲ್ಲಿ ಅಂಗಡಿಯ ಲಿಲ್ಲಿ ಹೂವು. ನೀವು ಸ್ನಾನ ಮಾಡಿ, ಮಡಿ ಉಟ್ಟು, ಆ ಮೊಂಡು ಪ್ಲಾಸ್ಟಿಕ್ಕಿಗೆ ಗಂಧ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಿರಿ. ವರ್ಷವಿಡೀ ದುಡಿಯುವ ನನ್ನ ಮಿಕ್ಸಿಗೆ ಆಯುಧಪೂಜೆಯಲ್ಲಿ ಒಂದೇ ಬೊಟ್ಟು, ದಿನವೂ ಮಲಗಿರುವ ಅದಕ್ಕೆ ಮೂರು. ‘ನನಗೊಬ್ಬಳು ಸವತಿ ತಂದಿಟ್ರಿ’ ಎಂದು ನಾನು ಗೊಣಗಿದರೆ, ‘ನಳಿಗೆನೇ ಇಲ್ಲ, ಅಂದ್ರೆ ಬಾಯೇ ಇಲ್ಲ. ಇಂಥ ಸವತಿ ಯಾರಿಗ್ ಸಿಗ್ತಾಳೆ ಮೇಡಮ್ಮು?’ ಎನ್ನುತ್ತಿದ್ದಿರಿ.

ಬಾಯಿದ್ದವಳು ಆಮೇಲೆ ಬಂದಳು. ನೀವು ಶೂಟಿಂಗ್ ಕ್ಲಬ್ಬು ಸೇರಿ ಮೊದಲ ಶನಿವಾರ ಮನೆಗೆ ಬಂದು ಕ್ಲಬ್ಬಿನ ಅಧ್ಯಕ್ಷೆಯ ಗುಣಗಾನ ಶುರು ಮಾಡಿದಿರಿ. ಎಪ್ಪತ್ತರ ಹತ್ತಿರದ ಹೆಂಗಸು, ಬಂದೂಕು ರಿಪೇರಿ ಮಾಡುವ ಲೈಸೆನ್ಸು, ಮನೆಯ ಹಿಂದೆ ಷೆಡ್ಡು, ಹೆಸರು ಗುನಿಲ್ಲಾ. ‘ಗನ್ ಇಲ್ಲಾ? ಮನೆ ತುಂಬ ಗನ್ನಿಟ್ಕೊಂಡು?’ ಎಂದೆ. ನೀವು ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದು ಕುಳಿತಿರಿ. ಆ ನಗೆ ನಮ್ಮಿಬ್ಬರದೇ, ಈ ನಾಲ್ಕು ಗೋಡೆಯದೇ ಎಂದುಕೊಂಡಿದ್ದೆ ನಾನು.

ಅವಳನ್ನು ವಯಸ್ಸಿಗಾದರೂ ‘ಅವರು’ ಎನ್ನಬೇಕು, ಗೊತ್ತು. ಹೊಟ್ಟೆಕಿಚ್ಚಿಗೆ ಬಹುವಚನ ಬರುವುದಿಲ್ಲ. ಮದುವೆಯಾದಾಗಿನಿಂದ ನಾನು ನಿಮ್ಮ ಹೆಸರನ್ನು ಬಾಯಿಬಿಟ್ಟು ಕರೆದವಳಲ್ಲ. ಅವಳು ಮೊದಲ ದಿನವೇ ಬೋಪಣ್ಣನನ್ನು ‘ಬೂ’ ಮಾಡಿದಳು. ಇಲ್ಲಿ ಅದು ಗಂಡಸರ ಮಾಮೂಲಿ ಹೆಸರಂತೆ, ಅವಳ ಅಣ್ಣನೂ ಬೂ ಅಂತೆ. ಅವಳು ಬೇಟೆಯಾಡಿದ ಕಾಡುಹಂದಿಗೆ ನೀವು ನಿಮ್ಮೂರಿನ ಕಾಚಂಪುಳಿಯ ಹುಳಿ ಹಾಕಿ ಪಂದಿಕರಿ ಮಾಡಿದಿರಿ, ನಾನು ಕಿಟಕಿ ತೆಗೆದು ಮೊಸರನ್ನ ತಿಂದೆ. ಅವಳ ಷೆಡ್ಡಿನಲ್ಲಿ ಬಂದೂಕಿಗೆ ಮರದ ಹಿಡಿ ಕೆತ್ತುವುದು ಕಲಿತು ತಲೆತುಂಬ ಹೊಟ್ಟು ಹೊತ್ತು ಬರುತ್ತಿದ್ದಿರಿ. ಇತ್ತ ನನ್ನ ಚಪಾತಿ ಮಣೆಯ ಕಾಲು ಯುಗಯುಗಾಂತರದಿಂದ ಅಲ್ಲಾಡುತ್ತಿತ್ತು. ಅದನ್ನು ಕೆತ್ತಲು ಯಾವ ಲೈಸೆನ್ಸು ಬೇಕಿತ್ತು ಹೇಳಿ?

ಆ ಏಪ್ರಿಲಿನ ಬೆಳಿಗ್ಗೆ ಪೂವಿಯ ಸೈಕಲ್ಲಿಗೆ ಗಾಳಿ ಹೊಡೆಯಲು ಕುಳಿತವರು ನೀವು ಮತ್ತೆ ಏಳಲಿಲ್ಲ. ಅದರ ಬಗ್ಗೆ ನಾನು ಬರೆಯುವುದಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಸಂಜೆ ಕೊಡಗಿನಿಂದ ನಿಮ್ಮ ತಮ್ಮ ಫೋನ್ ಮಾಡಿ ಅಳುತ್ತ ಹೇಳಿದ್ದು ಒಂದೇ ಮಾತು: ‘ಎರಡು ಗುಂಡು ಹಾರಿಸ್ದೇ ಅಣ್ಣನ್ನ ಕಳಿಸ್ಬೇಡಿ ಅತ್ತಿಗೆ.’ ಎಲ್ಲಿಂದ ತರಲಿ ನಾನು? ಬೀರುವಿನಲ್ಲಿರುವುದು ಬಾಯಿಲ್ಲದ ಸವತಿ. ಕೊನೆಗೆ ಗುನಿಲ್ಲಾಗೇ ಹೇಳಬೇಕಾಯಿತು. ಮರುದಿನ ಕ್ಲಬ್ಬಿನ ಮೈದಾನದಲ್ಲಿ ಅವಳು ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ನಿಂತು, ಮಣ್ಣಿನ ದಿಬ್ಬದ ಕಡೆಗೆ ಒಂದರ ಹಿಂದೆ ಒಂದು ಎರಡು ಗುಂಡು ಹೊಡೆದಳು. ಗಲ್ಲ ಒದ್ದೆಯಾಗಿತ್ತು. ನೀವಿಲ್ಲ ಎಂದು ಊರಿಗೆ ಸಾರಿದವಳು ಅವಳು. ನಿಮ್ಮ ಹೆಂಡತಿ ಪಕ್ಕದಲ್ಲಿ ಕಿವಿಗೆ ಮುಚ್ಚಳ ಹಾಕಿಕೊಂಡು ನಿಂತಿದ್ದಳು. ಉರಿಯುವುದಿಲ್ಲವೇ?

ಕರ್ಮವೆಲ್ಲ ಮುಗಿದ ಮೇಲೆ ಒಂದು ದಿನ ಅವಳು ದಾಲ್ಚಿನ್ನಿ ಬನ್ನು ಹಿಡಿದು ಮನೆಗೆ ಬಂದಳು. ಕುಳಿತವಳೇ ಇಂಗ್ಲಿಷಿನಲ್ಲಿ ಕೇಳಿದಳು: ‘ಬೂನ ಆ ಪ್ಲಾಸ್ಟಿಕ್ಕು ಎಲ್ಲಿದೆ?’ ನನ್ನ ಬೀರುವಿನ ಮೇಲಿನ ಅರೆಯ ಗುಟ್ಟು ಅವಳಿಗೆ ಹೇಗೆ ಗೊತ್ತು? ಇಲ್ಲಿ ಅಂಥದ್ದನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ತೊಂದರೆ, ಮುಗಿಸಿ ಪಿಸ್ತೂಲು ಮಾಡಿದರಂತೂ ಜೈಲು ಎಂದಳು. ‘ಪೊಲೀಸರಿಗೆ ಒಪ್ಪಿಸು ಅಂತ ಅವನಿಗೆ ಹೇಳಿ ಹೇಳಿ ಸಾಕಾಯ್ತು. ಮುಂದಿನ ವಾರ, ಮುಂದಿನ ವಾರ ಅಂತಿದ್ದ.’ ಪೂವಿಯ ಓದು, ನನ್ನ ವೀಸಾ, ಎಲ್ಲ ಕಣ್ಣಮುಂದೆ ಗಿರ್ರನೆ ತಿರುಗಿದವು. ಅವಳೇ ಪೊಲೀಸರಿಗೆ ಫೋನ್ ಮಾಡಿದಳು. ತನ್ನಿ ಎಂದರು.

ಪೊಲೀಸ್ ಠಾಣೆಗೆ ಹೊರಡುವ ಮುಂಚೆ ಹಳದಿ ಬಟ್ಟೆ ಬಿಚ್ಚಿ ನೋಡಿದೆ. ಹೋದ ಸಲದ ಕುಂಕುಮ ಇನ್ನೂ ಇತ್ತು, ನಿಮ್ಮ ಬೆರಳಿನ ಗುರುತಿನ ಸಮೇತ. ಒರೆಸಲು ಕೈ ಬರಲಿಲ್ಲ. ಪೂಜೆ ಮಾಡಿದ್ದನ್ನು ಒರೆಸಿ ಕಳಿಸುತ್ತಾರೆಯೇ? ಹಾಗೇ ಮೈಸೂರಿನ ಸೀರೆ ಅಂಗಡಿಯ ಚೀಲಕ್ಕೆ ಹಾಕಿಕೊಂಡೆ. ಪೂವಿ, ಗುನಿಲ್ಲಾ ಇಬ್ಬರೂ ಜೊತೆಗೆ ಬಂದರು. ಕೌಂಟರಿನಲ್ಲಿದ್ದ ಹುಡುಗಪ್ರಾಯದ ಪೊಲೀಸು ಕೈಗವಸು ಹಾಕಿಕೊಂಡು ಅದನ್ನು ಎತ್ತಿದವನು ಹಾಗೇ ನಿಂತುಬಿಟ್ಟ. ಕೆಂಪು ಕಲೆ ನೋಡಿ ‘ಬ್ಲೂಡ್?’ ಎಂದ. ರಕ್ತವೇ ಎಂದು. ನನ್ನ ಸ್ವೀಡಿಷ್ಷು ಆ ಕ್ಷಣಕ್ಕೆ ಸರಿಯಾಗಿ ಕೈಕೊಟ್ಟಿತು. ಇಲ್ಲಿನ ಶಿಶುವಿಹಾರ ‘ದಾಗಿಸ್’ನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತ ಕಲಿತ ಭಾಷೆ ನನ್ನದು. ‘ಮೂಗು ಒರೆಸಿಕೋ’ ಎನ್ನಬಲ್ಲೆ, ಕುಂಕುಮ ವಿವರಿಸಲಾರೆ. ಪೂವಿ ನಡುವೆ ಬಾಯಿ ಹಾಕಿದಳು: ‘ನೇಯ್, ನೇಯ್! ಸ್ಮಿಂಕ್!’

‘ಸ್ಮಿಂಕ್ ಅಂದ್ರೆ ಮೇಕಪ್ಪು ಕಣೇ! ಕುಂಕುಮನ ಮೇಕಪ್ ಅಂತೀಯಾ?’

‘ಅಮ್ಮಾ, ಪ್ಲೀಸ್, ಸುಮ್ನಿರು. ಮರ್ಡರ್‌ಗಿಂತ ಮೇಕಪ್ ಬೆಟರ್.’

ಆ ಹುಡುಗ ಒಮ್ಮೆ ಪಿಸ್ತೂಲನ್ನು, ಒಮ್ಮೆ ನನ್ನ ಹಣೆಯನ್ನು ನೋಡಿದ. ಎರಡರ ಮೇಲೂ ಒಂದೇ ಬಣ್ಣ. ಪೂವಿ ಹಬ್ಬದ ವಿಷಯ ಹೇಳಿದಳು. ‘ಅಂದರೆ ನೀವು ವರ್ಷಕ್ಕೊಮ್ಮೆ ಈ ಆಯುಧಕ್ಕೆ... ಪ್ರಾರ್ಥನೆ ಮಾಡುತ್ತೀರಿ?’ ಎಂದು ಮೆಲ್ಲಗೆ ಕೇಳಿದ. ಇದಕ್ಕೆ ಹೌದು ಎಂದರೆ ಕಷ್ಟ, ಅಲ್ಲ ಎಂದರೆ ನಿಮ್ಮ ಕುಲದೇವರಿಗೆ ಸಿಟ್ಟು. ಆಗ ಗುನಿಲ್ಲಾ ಮುಂದೆ ಬಂದು, ಬದಿಯಲ್ಲಿದ್ದ ಒಂದು ತೂತನ್ನು ಬೆರಳಿನಿಂದ ತೋರಿಸಿದಳು. ‘ಇದು ಯಾವ ಜನ್ಮದಲ್ಲೂ ಆಯುಧವಾಗುತ್ತಿರಲಿಲ್ಲ. ನೋಡು, ಓರೆ. ಬೂ ಅಮೆರಿಕದಲ್ಲೇ ಕೊರೆದು ಕೆಡಿಸಿದ್ದ.’ ಹುಡುಗ ಬಗ್ಗಿ ನೋಡಿ, ತುಟಿ ಬಿಗಿಹಿಡಿದು, ಕಾಗದದ ಕಡೆ ತಿರುಗಿಕೊಂಡ. ಅವನಿಗೂ ನಗು!

ಆ ಗ್ಯಾರೇಜಿನ ಭಾನುವಾರ, ಆ ಉಪ್ಪಿಲ್ಲದ ಸಾರಿನ ಮುಖ, ‘ಟೈಮ್ ಸಿಕ್ದಾಗ ಮುಗಿಸ್ತೀನಿ’! ಇಷ್ಟು ವರ್ಷ ನಾನು ಅಸೂಯೆಪಟ್ಟಿದ್ದು ಒಂದು ಓರೆ ತೂತಿಗೆ. ಹೊರಗೆ ಬಂದಾಗ ಖಾಲಿ ಚೀಲ ಹಿಡಿದು ನಿಂತ ನನ್ನನ್ನು ನೋಡಿ ಗುನಿಲ್ಲಾ ಎರಡೂ ಕೈ ಬಿಚ್ಚಿ, ಸ್ಪಷ್ಟ ಕನ್ನಡದಲ್ಲಿ, ‘ಗನ್ ಇಲ್ಲ’ ಎಂದಳು. ಅಂದರೆ ಅದನ್ನೂ ಹೇಳಿದ್ದಿರಾ? ನನ್ನ ಮನೆಯ ಮೆಟ್ಟಿಲ ಮೇಲಿನ ಆ ನಗೆಯನ್ನೂ?

ಅವಳ ಷೆಡ್ಡಿನಲ್ಲಿ ಕಾಫಿ ಕುಡಿಯುವಾಗ ಕೇಳಿಯೇಬಿಟ್ಟೆ. ‘ನಿನಗೆ ಹೇಳಿದವರು ನನಗೆ ಯಾಕೆ ಹೇಳಲಿಲ್ಲ?’

‘ಹೆದರಿಕೆ’ ಎಂದಳು.

‘ಯಾರ ಹೆದರಿಕೆ? ಪೊಲೀಸರದಾ?’

‘ನಿನ್ನದು. “ಇಂಜಿನ್ನಿನಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಕೂಗಾಡೋ ನಾನು ಒಂದು ತೂತು ನೆಟ್ಟಗೆ ಕೊರೀಲಿಲ್ಲ ಅಂತ ಗೊತ್ತಾದ್ರೆ, ಸಾಯೋವರೆಗೂ ಆಡ್ಕೊಳ್ತಾಳೆ” ಅಂತಿದ್ದ.’

‘ನೀನು ಕೇಳಿ ಏನು ಮಾಡಿದೆ?’

‘ನಕ್ಕೆ. ಕುರ್ಚಿಯಿಂದ ಬೀಳೋಷ್ಟು.’

ನೋಡಿದಿರಾ? ನನ್ನ ಉರಿ ಇರುವುದೇ ಅಲ್ಲಿ. ಆಡಿಕೊಳ್ಳುತ್ತಿದ್ದೆ, ಇಲ್ಲವೆನ್ನುವುದಿಲ್ಲ. ‘ಓರೆಯ ನೇರ’ ಎಂದು ಹೆಸರಿಡುತ್ತಿದ್ದೆ, ಊರಿಗೆಲ್ಲ ಫೋನ್ ಮಾಡುತ್ತಿದ್ದೆ, ಪ್ರತಿ ಹಬ್ಬಕ್ಕೂ ಸ್ಕೇಲು ಹಿಡಿದು ಅಳೆಯುತ್ತಿದ್ದೆ. ಅದಕ್ಕೇನಂತೆ? ನೀವೂ ಮೆಟ್ಟಿಲ ಮೇಲೆ ಕುಸಿದು ನಗುತ್ತಿದ್ದಿರಿ. ನಿಮ್ಮ ಸಂಬಳ, ನಿಮ್ಮ ಶನಿವಾರ, ಕಾಡುಹಂದಿ, ಎಲ್ಲ ಯಾರಿಗಾದರೂ ಹೋಗಲಿ. ನಿಮ್ಮ ದಡ್ಡತನಕ್ಕೆ ಮೊದಲು ನಗುವ ಹಕ್ಕು ನನ್ನದಾಗಿತ್ತು. ಅದನ್ನು ಎತ್ತಿ ಅವಳಿಗೆ ಕೊಟ್ಟಿರಲ್ಲಾ...

ಅವಳು ಲೋಟ ಕೆಳಗಿಟ್ಟು ಇನ್ನೊಂದು ಮಾತು ಹೇಳಿದಳು. ಶನಿವಾರ ಶನಿವಾರ ನೀವು ಅಲ್ಲಿ ನನ್ನ ಜೋಕುಗಳನ್ನು ಹೇಳುತ್ತಿದ್ದಿರಂತೆ. ಮೊದಲು ನೀವೇ ನಕ್ಕು, ಕಣ್ಣು ಒರೆಸಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಅರ್ಧಕ್ಕೆ ಕೈಬಿಡುತ್ತಿದ್ದಿರಂತೆ. ‘ಅಷ್ಟೂ ವರ್ಷದಲ್ಲಿ ನನಗೆ ಅರ್ಥವಾದದ್ದು ನನ್ನ ಹೆಸರಿನದೊಂದೇ. ನಿನ್ನನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು’ ಎಂದಳು. ನನ್ನನ್ನು ನೋಡಿ, ಅವಳಿಗೆ! ತಟ್ಟೆಯಲ್ಲಿದ್ದ ದಾಲ್ಚಿನ್ನಿ ಬನ್ನಿನ ಇನ್ನೊಂದು ತುಂಡು ನಾನೇ ಕೈಚಾಚಿ ತೆಗೆದುಕೊಂಡೆ.

ಇನ್ನು ಸುದ್ದಿ. ಈ ಸಲದ ಕೈಲ್ ಮುಹೂರ್ತಕ್ಕೆ ಪೂಜೆಗೆ ಇಡಲು ಮನೆಯಲ್ಲಿ ಏನೂ ಇರಲಿಲ್ಲ. ಊರಿನಲ್ಲಿ ಆ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ಇರುತ್ತದೆ ಎಂದು ನೀವು ಹೇಳಿದ್ದನ್ನು ಗುನಿಲ್ಲಾ ಕ್ಲಬ್ಬಿನ ಸಭೆಯಲ್ಲಿ ಇಟ್ಟಳು. ಸ್ವೀಡನ್ನಿನವರಲ್ಲವೇ, ತೆಂಗಿನಕಾಯಿ ಗುರಿಹಲಗೆ ಎನಿಸಿಕೊಳ್ಳುತ್ತದೆಯೇ ಎಂದು ಎರಡು ಸಭೆ ನಡೆದವು, ಕಾಫಿ ಖಾಲಿಯಾಯಿತು, ಒಪ್ಪಿಗೆಯಾಯಿತು. ಏಷ್ಯನ್ ಅಂಗಡಿಯಿಂದ ಕಾಯಿ ತಂದೆ. ಕ್ಲಬ್ಬಿನ ಬಂದೂಕಿಗೆ ನಾನೇ ಗಂಧ ಕುಂಕುಮ ಹಚ್ಚಿ ಲಿಲ್ಲಿ ಮುಡಿಸಿದೆ. ಗುನಿಲ್ಲಾ ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸಿಕೊಟ್ಟ ಮೇಲೆ ಪೂವಿ ಹೊಡೆದಳು. ಒಂದೇ ಗುಂಡು. ಕಾಯಿ ಫಟ್ ಎಂದು ಎರಡು ಹೋಳಾಯಿತು. ಹುಟ್ಟಿದಾಗ ಹಾರದ ಗುಂಡು ಅದೇ ಎಂದುಕೊಳ್ಳಿ. ನಿಮ್ಮ ಮಗಳು ತಿರುಗಿ ‘ಪಪ್ಪಾ ನೋಡ್ಬೇಕಿತ್ತು’ ಎಂದಳು. ಕನ್ನಡದಲ್ಲಿ.

ಆಮೇಲೆ ನಾನು ಹೊಡೆದೆ. ತಾಗಲಿಲ್ಲ. ಕಾಯಿ ಬಿಡಿ, ಕಾಯಿ ಇಟ್ಟಿದ್ದ ಕಂಬದ ಪಕ್ಕದ ಕಂಬಕ್ಕೂ ತಾಗಲಿಲ್ಲ. ಈ ಜನ ಎಷ್ಟು ಸಭ್ಯರೆಂದರೆ ಒಬ್ಬರೂ ನಗಲಿಲ್ಲ. ಗುನಿಲ್ಲಾ ಗಾಳಿ ಜಾಸ್ತಿ ಎಂದಳು. ಗಾಳಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಿಜ ಸಂಗತಿ ಅವಳಿಗೆ ಗೊತ್ತಿಲ್ಲ, ಪೂವಿಗೂ ಗೊತ್ತಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಮೊದಲು ನಿಮಗೇ ಹೇಳುತ್ತಿದ್ದೇನೆ, ಹೀಗೆ ಹೇಳಬೇಕು ನೋಡಿ.

ಟ್ರಿಗರ್ ಒತ್ತುವಾಗ ನಾನು ಎರಡೂ ಕಣ್ಣು ಮುಚ್ಚಿಕೊಂಡಿದ್ದೆ.

ನಗಿ, ರೀ.