ಸೂರ್ಯ ಚಂದ್ರರ ಲಕೋಟೆ

ಅಪ್ಪನಿಗೆ ನಮಸ್ಕಾರ.

'ನಾನು ಕ್ಷೇಮ' ಎಂದು ಬರೆದು ಹೊಡೆದುಹಾಕಿದ್ದೇನೆ, ಗಾಬರಿಯಾಗಬೇಡಿ.

ರಜೆಯಲ್ಲಿ ನಮ್ಮ ಔಷಧಿ ಅಂಗಡಿಯ ಎರಡು ಡಬ್ಬಿ ಮಾತ್ರೆ ಕಾಣದಾದಾಗ ನೀವು ಸರಬರಾಜಿನವನನ್ನು ಬೈದಿರಲ್ಲ, ಪಾಪ, ಅವನು ನಿರಪರಾಧಿ. ತೆಗೆದವನು ನಾನು. ಓದಲು ಎಚ್ಚರವಿಡುವ ಮಾತ್ರೆ ಒಂದು, ಆ ಎಚ್ಚರವನ್ನು ಮಲಗಿಸಲು ಇನ್ನೊಂದು. ಈಗ ಎರಡೂ ಹಾಸ್ಟೆಲಿನಲ್ಲೇ ಸಿಗುತ್ತವೆ.

ಮೊನ್ನೆ ಹಾಲ್ ಟಿಕೆಟ್ ಹಿಡಿದು ಠೀವಿಯಿಂದ ಪರೀಕ್ಷೆಗೆ ಹೋದೆ. ಕೊಠಡಿಗೆ ಬೀಗ. ಕಾವಲುಗಾರ, "ಅದು ನಿನ್ನೇನೇ ಮುಗೀತಲ್ಲಪ್ಪಾ, ಇವತ್ತು ಭಾನುವಾರ" ಅಂದ. ಓದಿದ್ದೆಲ್ಲ ನೆನಪಿತ್ತು, ಇವತ್ತು ಯಾವ ವಾರ ಎಂಬುದೊಂದು ಮರೆತಿತ್ತು. ನಗುತ್ತಾ ಮೆಟ್ಟಿಲ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ತಿಳಿಯದು. ಅಮ್ಮ ಕೇಳಿದರೆ ಪರೀಕ್ಷೆ ಆಯಿತಂತೆ ಅನ್ನಿ. ಆದದ್ದಂತೂ ನಿಜ.

ಓದು ಬಾರದವರಿಗೆ ನೀವು ಮಾತ್ರೆಯ ಲಕೋಟೆಯ ಮೇಲೆ ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುತ್ತೀರಿ. ನಿಮ್ಮ ಸೂರ್ಯನಿಗೂ ಮೀಸೆಯೆಂದು ನಾನು ಗೇಲಿ ಮಾಡುತ್ತಿದ್ದೆ. ನನಗೂ ಅಂಥದ್ದೊಂದು ಬರೆದುಕೊಡಿ. ಎರಡು ಮಾತ್ರೆಯನ್ನೂ ಬಿಡಬೇಕೆಂದಿದ್ದೇನೆ, ಯಾವುದನ್ನು ಮೊದಲು ಬಿಡಬೇಕೋ ಗೊತ್ತಾಗುತ್ತಿಲ್ಲ. ಅಂಚೆಗೆ ಹಾಕದೆ ನೀವೇ ತನ್ನಿ.

ಕಿಟಕಿಯಲ್ಲಿ ಮಂದ ಬೆಳಕಿದೆ. ಬೆಳಗೋ ಸಂಜೆಯೋ, ಯಾರನ್ನಾದರೂ ಕೇಳಿಕೊಂಡು ಬಂದು ತಾರೀಖು ಹಾಕುತ್ತೇನೆ.

ಇತಿ,
ಓದು ಬರುವ ನಿಮ್ಮ ಮಗ