ಹಿತ್ತಲ ತಗ್ಗು

ವಿದ್ಯಾರ್ಥಿನಿಲಯ, ಮೂರನೆಯ ಮಹಡಿ
ಮೇ ೧೭, ಶನಿವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ರಕ್ತದೊತ್ತಡದ ಮಾತ್ರೆಯನ್ನು ನೆನಪಾದಾಗ ಮಾತ್ರ ನುಂಗುವ ಚಾಳಿ ಬಿಟ್ಟೆಯಾ? ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ಚಿಕ್ಕಮ್ಮನನ್ನು ನೋಡಿಕೊಂಡು ಬಂದೆಯೋ, ಅಥವಾ ಪಕ್ಕದ ಮನೆಯೆಂದರೂ ನಿನಗೆ ಪರದೇಶವೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ಬುಧವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಹಿತ್ತಲನ್ನು ಅಂಗಡಿ ಕಟ್ಟುವವರಿಗೆ ಮಾರಲು ನೀನು ಕಳಿಸಿದ ಕಾಗದಪತ್ರ ಮೇಜಿನ ಮೇಲಿದೆ. ಫೋನಿನಲ್ಲಿ ‘ಹೂಂ, ಕಳಿಸು, ಸಹಿ ಹಾಕ್ತೀನಿ’ ಅಂದವಳು ನಾನೇ. ಈಗ ಪೆನ್ನಿನ ಮುಚ್ಚಳ ತೆಗೆಯುತ್ತೇನೆ, ಹಾಕುತ್ತೇನೆ, ಎದ್ದು ಕಿಟಕಿಗೆ ಹೋಗುತ್ತೇನೆ, ಎದುರಿನ ತಾರಸಿಯಲ್ಲಿ ಒಣಗುವ ಬಟ್ಟೆ ನೋಡಿ ಮತ್ತೆ ಬಂದು ಕೂರುತ್ತೇನೆ.

‘ನಲವತ್ತೊಂಬತ್ತಕ್ಕೆ ರಜೆ ಹಾಕಿ ಎಂ.ಎ. ಓದ್ತಾಳಂತೆ, ಭೂಗೋಳ ಮತ್ತು ಪರಿಸರ ಶಿಕ್ಷಣವಂತೆ, ಇಷ್ಟು ವರ್ಷ ಮಕ್ಕಳ ತಲೆ ತಿಂದದ್ದು ಸಾಲಲಿಲ್ಲವಂತೆ’ ಎಂದು ನೀನು ಮನೆತುಂಬಾ ನಗಿಸಿದ್ದು ನನಗೆ ನೆನಪಿದೆ. ನಗು, ಪರವಾಗಿಲ್ಲ. ಇಲ್ಲಿಯ ಹುಡುಗರೂ ನನ್ನನ್ನು ‘ದೊಡ್ಡಕ್ಕ’ ಅಂತ ಕರೆದು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ. ನನ್ನ ಸಿಟ್ಟು ಅದಕ್ಕಲ್ಲ. ಕಾಣದ ಖಂಡಗಳ ನದಿಗಳ ಉದ್ದವನ್ನು ಬಾಯಿಪಾಠ ಮಾಡಿಸಿ ಅಂಕ ಕೊಟ್ಟೆವಲ್ಲ, ಶಾಲೆಯ ಅಂಗಳದ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವಾದರೂ ಕೇಳಿದೆವೇ? ಹಾಗೆ ಬೆಳೆದ ಮಕ್ಕಳೇ ಇವತ್ತು ನಗರಸಭೆಯಲ್ಲಿ ಕೂತು ಕಾಲುವೆಯ ಮೇಲೆ ಅಂಗಡಿಗೆ ಅನುಮತಿ ಕೊಡುತ್ತಾರೆ. ಬಸ್ ನಿಲ್ದಾಣದಲ್ಲಿ ಮೊಣಕಾಲುದ್ದ ನೀರು ನಿಂತರೆ ‘ಅನಿರೀಕ್ಷಿತ ಮಳೆ’ ಎಂದು ಪತ್ರಿಕೆಗೆ ಹೇಳಿಕೆ. ಮಳೆಗಾಲದಲ್ಲಿ ಮಳೆ ಅನಿರೀಕ್ಷಿತವಂತೆ! ಆ ನಿಲ್ದಾಣದ ಜಾಗ ಕೊಳವಾಗಿತ್ತು ಎಂದು ಹೇಳಲು ಇನ್ನು ಎಷ್ಟು ಜನ ಉಳಿದಿದ್ದೇವೆ? ನೀನು ಈಜು ಕಲಿತದ್ದು ಅಲ್ಲೇ. ದಡದಲ್ಲಿ ನಿನ್ನ ಚಡ್ಡಿ ಕಾಯುತ್ತ ಕೂತವಳು ನಾನು.

ಬುಧವಾರ ಏನಾಯಿತೆಂದು ಹೇಳುತ್ತೇನೆ, ಕೇಳು. ನಮ್ಮ ವಿಭಾಗದಲ್ಲಿ ಅಂಚು ಕಟ್ಟಿದ ಒಂದು ದೊಡ್ಡ ಹಲಗೆಯಿದೆ. ಅದರ ಮೇಲೆ ಒದ್ದೆ ಮರಳು, ಜೇಡಿಮಣ್ಣು ಹಾಕಿ, ಚಿಕ್ಕಂದಿನಿಂದ ಬಲ್ಲ ಒಂದು ಬೀದಿಯನ್ನು ನೆನಪಿನಿಂದಲೇ ಮಾಡಬೇಕು. ಉಳಿದವರು ತೂತಿನ ಡಬ್ಬಿಯಿಂದ ಮಳೆ ಸುರಿಸಿ ನೋಡುತ್ತಾರೆ. ನಮ್ಮನ್ನು ಮಕ್ಕಳ ಮುಂದೆ ಪಾಠಕ್ಕೆ ಬಿಡುವುದು ಇದಾದ ಮೇಲೆಯೇ. ನಾನು ನಮ್ಮ ಬೀದಿಯನ್ನೇ ಮಾಡಿದೆ. ಮೇಲೆ ಶಾಲೆ, ಇಳಿಜಾರಿನಲ್ಲಿ ದರ್ಜಿಯ ಮನೆ, ಆಮೇಲೆ ನಮ್ಮದು, ಕೊನೆಗೆ ಚಿಕ್ಕಮ್ಮನದು, ಎಲ್ಲವೂ ಬೆಂಕಿಪೊಟ್ಟಣಗಳು. ನಮ್ಮ ಮುರಿದ ಮೆಟ್ಟಿಲನ್ನೂ ಬಿಡಲಿಲ್ಲ, ನೋಡು. ಆದರೆ ಹಿತ್ತಲಿಗೆ ಬಂದಾಗ ಅಂಗೈಯಿಂದ ತಟ್ಟಿ ಸಮ ಮಾಡಿಬಿಟ್ಟೆ. ಬೆಳಿಗ್ಗೆಯಷ್ಟೇ ನಿನ್ನ ಕಾಗದಪತ್ರ, ಅದರ ಜೊತೆ ಅಂಗಡಿಗಳ ನಕ್ಷೆ ಕೈಸೇರಿತ್ತು. ನನ್ನ ತಲೆಯಲ್ಲಿ ಹಿತ್ತಲಿಗೆ ಆಗಲೇ ಮಣ್ಣು ತುಂಬಿಯಾಗಿತ್ತು. ಕೈಗೆ ಅದು ತಪ್ಪೆಂದೇ ಅನ್ನಿಸಲಿಲ್ಲ.

ಪಕ್ಕದ ಬೆಂಚಿನ ಹುಡುಗಿ ನೀರು ಸುರಿದಳು. ಶಾಲೆಯ ಕಡೆಯಿಂದ ಇಳಿದ ನೀರು ನಮ್ಮ ಗೋಡೆಯ ಹತ್ತಿರ ಒಂದು ಕ್ಷಣ ತಡವರಿಸಿ, ಹೋಗಲು ದಾರಿ ಕಾಣದೆ, ನೇರ ಚಿಕ್ಕಮ್ಮನ ಬಾಗಿಲಿಗೆ ನುಗ್ಗಿತು. ಬೆಂಕಿಪೊಟ್ಟಣ ನೆನೆದು, ಎದ್ದು, ತೇಲಿತು. ‘ದೊಡ್ಡಕ್ಕಾ, ನಿಮ್ಮ ಚಿಕ್ಕಮ್ಮಂಗೆ ಈಜು ಬರುತ್ತಾ?’ ಅಂದಳು ಆ ಹುಡುಗಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದ ನಮ್ಮ ಮೇಷ್ಟ್ರು ಮಾತ್ರ ನಗಲಿಲ್ಲ. ‘ಬೀದಿ ಹೀಗೇ ಇದ್ದಿದ್ರೆ ಆ ಮನೆ ಇಷ್ಟು ವರ್ಷ ಉಳೀತಿರ್ಲಿಲ್ಲಮ್ಮ. ಏನೋ ಮರ್ತಿದ್ದೀರಿ’ ಅಂದರು. ನಾನು ನಮ್ಮ ಮನೆಯ ಹಿಂದೆ ಹೆಬ್ಬೆರಳು ಒತ್ತಿ ತಗ್ಗು ಮಾಡಿದೆ. ಅವಳು ಮತ್ತೆ ಸುರಿದಳು. ನೀರು ಹಿತ್ತಲಿಗೆ ತಿರುಗಿ, ಸಾಕಿದ ನಾಯಿಯಂತೆ ಅಲ್ಲೇ ಮಲಗಿತು.

ನೀನು ಏಳನೆಯ ತರಗತಿಯಲ್ಲಿದ್ದಾಗ ಬಂದ ಆ ಮಳೆ ನೆನಪಿದೆಯಾ? ಹಿತ್ತಲಲ್ಲಿ ಸೊಂಟದವರೆಗೆ ನೀರು. ಬಟ್ಟೆ ಒಗೆಯುವ ಟಬ್ಬಿನಲ್ಲಿ ಕೂತು ನೀನು ಹಡಗಿನ ಕಪ್ತಾನನಾಗಿದ್ದೆ, ಅಮ್ಮ ಸೌಟು ಹಿಡಿದು ದಡದಲ್ಲಿ ಕೂಗುತ್ತಿದ್ದಳು. ಆ ದಿನಗಳಲ್ಲೆಲ್ಲ ಚಿಕ್ಕಮ್ಮ ಒಣ ನೆಲದ ಮೇಲೆ ಮಲಗಿದಳು. ಎರಡು ಗಾಡಿ ಮಣ್ಣು ಹೊಡೆಸು ಎಂದು ಯಾರೇ ಹೇಳಿದರೂ ಅಪ್ಪನದು ಒಂದೇ ಉತ್ತರ: ‘ಇರೋ ಹಾಗೇ ಇರ್ಲಿ ಬಿಡಿ, ಅದೇನು ಊಟ ಕೇಳ್ತಿದೆಯಾ?’ ಅಪ್ಪನಿಗೆ ಗೊತ್ತಿತ್ತೋ, ಬರೀ ಸೋಮಾರಿತನವೋ, ನಾನರಿಯೆ. ಅಪ್ಪನನ್ನು ಋಷಿ ಮಾಡಲು ಹೊರಟಿಲ್ಲ. ನಿನ್ನನ್ನು ದುರಾಸೆಯವನು ಅನ್ನುವುದೂ ಇಲ್ಲ. ಮಗನಿಗೊಂದು ನೆಲೆಯಾಗಲಿ ಎಂಬುದು ನಿನ್ನ ಆಸೆ, ಈ ಓದು ಮುಗಿಸಿ ಸ್ವಂತ ಸೂರು ಮಾಡಿಕೊಳ್ಳಬೇಕೆಂಬುದು ನನ್ನದು. ನಮ್ಮಿಬ್ಬರ ಆಸೆಯೂ ತಪ್ಪಲ್ಲ. ನೀರಿಗೆ ಅದು ಗೊತ್ತಾಗುವುದಿಲ್ಲ, ಅಷ್ಟೆ.

ಅತ್ತಿಗೆಗೆ ನಮಸ್ಕಾರ ಹೇಳು, ಮಗನಿಗೆ ಆಶೀರ್ವಾದ. ಬೈಯಬೇಕೆನಿಸಿದರೆ ಮೊದಲು ಮಾತ್ರೆ ನುಂಗು, ಆಮೇಲೆ ಬೈ.

ನಿನ್ನ ತಂಗಿ

ಮರೆತಿದ್ದೆ: ಅಂಚೆ ಡಬ್ಬಿಗೆ ಹೊರಟವಳು ಮೆಟ್ಟಿಲಿಂದ ವಾಪಸ್ ಬಂದು ಬರೆಯುತ್ತಿದ್ದೇನೆ. ಸಹಿ ಹಾಕಿಲ್ಲ. ಇಪ್ಪತ್ತೈದಕ್ಕೆ, ಭಾನುವಾರ, ಕಾಗದಪತ್ರದ ಜೊತೆ ನಾನೇ ಬರುತ್ತೇನೆ. ಅತ್ತಿಗೆಯ ದೊಡ್ಡ ಪರಾತ, ಒಂದು ಬುಟ್ಟಿ ಮರಳು, ನಾಲ್ಕು ಖಾಲಿ ಬೆಂಕಿಪೊಟ್ಟಣ ತೆಗೆದಿಡು. ಚಿಕ್ಕಮ್ಮನನ್ನೂ ಕರೆ. ಈ ಸಲ ನೀರು ನೀನೇ ಸುರಿ. ಆಮೇಲೂ ‘ಸಹಿ ಹಾಕು’ ಅನ್ನುವುದಾದರೆ, ಅವಳ ಎದುರಿಗೇ ಅನ್ನು.