ಕಲ್ಲಿನ ಕೆಳಗಿನ ಅರ್ಧ

ಅಪ್ಪಾ,

ಅಮ್ಮನ ಸಮಾಧಿ ಕಲ್ಲಿಗೆ ಅಕ್ಷರ ಬರೆದು ಕಳಿಸು ಎಂದಿದ್ದಿರಿ. ವಿಶ್ವವಿದ್ಯಾಲಯಕ್ಕೆ ಅಕ್ಷರವಿನ್ಯಾಸ ಕಲಿಯಲು ಬಂದ ಮೇಲೆ ನಾನು ಪೂರ್ತಿ ಮುಗಿಸಿದ ಮೊದಲ ಕೆಲಸ ಇದೇ. ಒತ್ತಕ್ಷರಗಳನ್ನು ತೆಳ್ಳಗೆ ಕೆತ್ತಬೇಡಿ ಎಂದು ಕಲ್ಲು ಕೆತ್ತುವವರಿಗೆ ಹೇಳಿ. ಮಳೆಗೆ ಮೊದಲು ಸವೆಯುವುದು ಅವೇ.

ನೀವು ಕೊಟ್ಟ ಅಳತೆಯಲ್ಲೇ ಬರೆದು ಮೇಷ್ಟ್ರಿಗೆ ತೋರಿಸಿದೆ. "ಅಕ್ಷರ ಚೆನ್ನಾಗೇ ಬಂದಿದೆ. ಆದ್ರೆ ಕೆಳಗೆ ಅರ್ಧ ಕಲ್ಲು ಖಾಲಿ ಬಿಟ್ಟಿದ್ದೀಯಲ್ಲ, ಇನ್ನೊಂದು ಹೆಸರು ಬರೋದಿದೆಯಾ?" ಎಂದರು. ರೂಮಿಗೆ ಬಂದು ನೀವು ಅಳತೆ ಬರೆದು ಕಳಿಸಿದ ಚೀಟಿಯನ್ನು ಮತ್ತೆ ತೆಗೆದು ನೋಡಿದೆ.

ಹೊಸದಾಗಿ ಬರೆದಿದ್ದೇನೆ. ಅಮ್ಮನ ಹೆಸರು ಈಗ ಸರಿಯಾಗಿ ನಡುವೆ ಕೂತಿದೆ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಾತ್ರೆ ತಪ್ಪಿಸಬೇಡಿ. ಆ ದೊಡ್ಡ ಕಲ್ಲನ್ನು ವಾಪಸ್ ಕೊಟ್ಟು ಚಿಕ್ಕದನ್ನು ತನ್ನಿ.

ನಿಮ್ಮ ಪುಟ್ಟಿ